ಎರಡು ರಾತ್ರಿಯ ತೋಟದ ಮನೆ

ಶುಕ್ರವಾರದ ಸಂಜೆ ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಟವರಿಗೆ ನೆಲಮಂಗಲದ ವಾಹನದಟ್ಟಣೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಸನ, ಸಕಲೇಶಪುರ, ಚಿಕ್ಕಮಗಳೂರುಗಳತ್ತ ಮುಖಮಾಡಿದ ಕಾರುಗಳು ಒಂದರ ಹಿಂದೊಂದು ತೆವಳುತ್ತಿರುತ್ತವೆ. ಹಿಂದಿನ ಸೀಟಿನಲ್ಲಿ ಮಕ್ಕಳು ತೂಕಡಿಸುತ್ತಿರುತ್ತಾರೆ. ಮುಂದೆ ಕುಳಿತವರು ಮೊಬೈಲಿನ ನಕ್ಷೆಯಲ್ಲಿ ರಸ್ತೆಯ ಕೆಂಪು ಬಣ್ಣ ಯಾವಾಗ ಕರಗುವುದೋ ಎಂದು ಕಾಯುತ್ತಿರುತ್ತಾರೆ. ಇವರೆಲ್ಲರೂ ಹೊರಟಿರುವುದು ವಿಶ್ರಾಂತಿಯನ್ನು ಅರಸಿಕೊಂಡು. ಕಾಫಿ ತೋಟದ ನಡುವೆ ಒಂದು ಹೆಂಚಿನ ಮನೆ, ಮುಂದೊಂದು ಜಗಲಿ, ಹಿತ್ತಲಿನಾಚೆ ಹರಿಯುವ ಹಳ್ಳದ ಸದ್ದು: ವಾರವಿಡೀ ದುಡಿದು ಬಳಲಿದ ಜೀವಕ್ಕೆ ಇಷ್ಟು ಆಸೆ ಇದ್ದರೆ ತಪ್ಪೇನೂ ಇಲ್ಲ. ಆದರೆ ಭಾನುವಾರ ರಾತ್ರಿ ಇದೇ ರಸ್ತೆಯಲ್ಲಿ ಇದೇ ಕಾರುಗಳು ಹಿಂದಿರುಗುವಾಗ ಒಳಗಿರುವವರ ಮುಖಗಳನ್ನು ಕಂಡರೆ, ವಿಶ್ರಾಂತಿ ಪಡೆದು ಬಂದವರು ಇವರೇನೇ ಎಂಬ ಸಂದೇಹ ಮೂಡದಿರದು.

ಇದು ಪರರನ್ನು ಕುರಿತು ಆಡುವ ಮಾತಲ್ಲ. ಎರಡು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ, ನಾವೂ ಹಾಗೆಯೇ ಹೊರಟವರು. ಮನೆಯವರು, ಇಬ್ಬರು ಮಕ್ಕಳು ಮತ್ತು ಎಪ್ಪತ್ತು ದಾಟಿದ ನಮ್ಮ ತಾಯಿಯವರೊಡನೆ ಮೂಡಿಗೆರೆಯ ಕಡೆಯ ತೋಟವೊಂದರಲ್ಲಿ ಎರಡು ರಾತ್ರಿಗಳಿಗೆ ಮನೆ ಹಿಡಿದಿದ್ದೆವು. ಶುಕ್ರವಾರ ಸಂಜೆ ಆರಕ್ಕೆ ಕಚೇರಿ ಬಿಟ್ಟು, 250 ಕಿಲೋಮೀಟರುಗಳಿಗೂ ಮಿಕ್ಕ ದಾರಿಯನ್ನು ಸವೆಸಿ ಅಲ್ಲಿಗೆ ತಲುಪಿದಾಗ ರಾತ್ರಿ ಒಂದೂವರೆ. ತಿರುವುಗಳಲ್ಲಿ ಚಿಕ್ಕವನು ಎರಡು ಬಾರಿ ವಾಂತಿ ಮಾಡಿಕೊಂಡಿದ್ದ. ಮುಳ್ಳಯ್ಯನಗಿರಿಯ ಮೇಲೆ ಸೂರ್ಯೋದಯ ನೋಡಬೇಕೆಂಬ ಹಠದಿಂದ ನಾಲ್ಕು ಗಂಟೆಗೇ ಎಲ್ಲರನ್ನೂ ಎಬ್ಬಿಸಿದೆವು. ನಾಡಿನ ಅತ್ಯುನ್ನತ ಶಿಖರವಾದ ಅದು 1,930 ಮೀಟರು ಎತ್ತರವಿದೆ. ಅಂದು ಅದನ್ನೇರಿದ ವಾಹನಗಳ ಸಾಲು ಅದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಬಳಿಕ ಒಂದು ಜಲಪಾತ, ಅದಕ್ಕೊಂದು ಜೀಪು. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ. ತಾಯಿಯವರ ಬಯಕೆಯಂತೆ ಬೇಲೂರು. ಮಲಗೋಣವೆಂದು ಬಂದರೆ ಪಕ್ಕದ ಮನೆಯ ಅತಿಥಿಗಳು ಬೆಂಕಿಯ ಸುತ್ತ ಧ್ವನಿವರ್ಧಕ ಹಚ್ಚಿ ಕುಣಿಯುತ್ತಿದ್ದರು. ಒಂದು ಗಂಟೆಯವರೆಗೂ ಅದು ನಿಲ್ಲಲಿಲ್ಲ.

ಸೋಮವಾರ ಬೆಳಗ್ಗೆ ತಾಯಿಯವರಿಗೆ ತಲೆಸುತ್ತು ಬಂತು. ಅವರ ರಕ್ತದೊತ್ತಡ ಎಂದಿಗಿಂತ ಬಹಳ ಏರಿತ್ತು. ಮಾತ್ರೆಯ ಡಬ್ಬಿ ಎರಡೂ ದಿನ ಕಾರಿನ ಡಿಕ್ಕಿಯಲ್ಲಿದ್ದ ಚೀಲದ ತಳದಲ್ಲಿಯೇ ಉಳಿದಿತ್ತೆಂಬುದು ಆಗ ತಿಳಿಯಿತು. ಪರೀಕ್ಷಿಸಿದ ವೈದ್ಯರು ಬೇರೇನನ್ನೂ ಕೇಳುವ ಮೊದಲು ಕೇಳಿದ ಪ್ರಶ್ನೆ: "ಎರಡು ರಾತ್ರಿ ಸೇರಿ ಅಮ್ಮನವರು ಎಷ್ಟು ಹೊತ್ತು ಮಲಗಿದರು?" ಲೆಕ್ಕ ಹಾಕಿ ನೋಡಿದೆವು. ಏಳು ಗಂಟೆ. ವಯಸ್ಕರಿಗೆ ಒಂದೇ ರಾತ್ರಿಗೆ ಬೇಕಾದಷ್ಟು ನಿದ್ರೆಯನ್ನು ನಾವು ಎರಡು ರಾತ್ರಿಗೆ ಹಂಚಿದ್ದೆವು, ಅದೂ ಬಾಡಿಗೆ ತೆತ್ತು.

ಅಂದಿನಿಂದ ಈ ವಿಷಯವನ್ನು ಕುರಿತು ಕೊಂಚ ಓದಿದ್ದೇವೆ. ಪ್ರಕೃತಿಯ ಮಡಿಲಿನಲ್ಲಿ ಎರಡು ದಿನ ಕಳೆಯುವುದರಿಂದ ದೇಹಕ್ಕೆ ನಿಜವಾಗಿ ಆಗುವ ಲಾಭವೇನು? ಈ ಪ್ರಶ್ನೆಗೆ ಬಹುಮಟ್ಟಿಗೆ ನೇರವಾದ ಉತ್ತರ ಅಮೆರಿಕದ ಕೊಲೊರಾಡೊದಿಂದ ಬಂದಿದೆ. ಅಲ್ಲಿನ ವಿಜ್ಞಾನಿ ಕೆನೆತ್ ರೈಟ್ ಮತ್ತು ಸಂಗಡಿಗರು ಕೆಲವು ಮಂದಿಯನ್ನು ಬೆಟ್ಟದ ಕಾಡಿನಲ್ಲಿ ಡೇರೆ ಹಾಕಿಸಿ ಇರಿಸಿದರು. ಬೆಳಕೆಂದರೆ ಸೂರ್ಯನದು ಮತ್ತು ಸೌದೆ ಬೆಂಕಿಯದು ಮಾತ್ರ. ಮೊಬೈಲು, ಬ್ಯಾಟರಿ ದೀಪಗಳಿಗೆ ಅವಕಾಶವಿರಲಿಲ್ಲ. 2013ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಒಂದು ವಾರ ಹೀಗಿದ್ದವರ ದೇಹದ ಗಡಿಯಾರ ಸುಮಾರು ಎರಡು ಗಂಟೆಗಳಷ್ಟು ಮುಂಚಿತವಾಗಿ ನಡೆಯತೊಡಗಿತು. ಅಂದರೆ, ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ರಸದೂತ ಮೊದಲಿಗಿಂತ ಬೇಗ ಸ್ರವಿಸತೊಡಗಿತು. ನಮಗೆ ಹೆಚ್ಚು ಪ್ರಸ್ತುತವಾದುದು 2017ರ ಇನ್ನೊಂದು ವರದಿ. ಈ ಸಲ ಅವರು ಕಳುಹಿಸಿದ್ದು ಬರಿಯ ಒಂದು ವಾರಾಂತ್ಯಕ್ಕೆ. ಅಷ್ಟರಲ್ಲಿಯೇ ಗಡಿಯಾರ ಒಂದು ಗಂಟೆಗೂ ಮಿಕ್ಕು ಮುಂಚಿತವಾಯಿತು. ಅದೇ ವಾರಾಂತ್ಯವನ್ನು ದೀಪ ಉರಿಸಿಕೊಂಡು ಮನೆಯಲ್ಲೇ ಕಳೆದವರಲ್ಲಿ ಅದು ಇನ್ನಷ್ಟು ತಡವಾಗಿ ನಡೆಯಿತು. ಪಾಲ್ಗೊಂಡವರು ಬೆರಳೆಣಿಕೆಯಷ್ಟು ಜನ, ನಿಜ. ಆದರೂ ದೇಹದ ಈ ಗಡಿಯಾರ ಕವಿಕಲ್ಪನೆಯಲ್ಲ. ಜೀವಕೋಶಗಳೊಳಗೆ ಅದು ಹೇಗೆ ನಡೆಯುತ್ತದೆಂಬುದನ್ನು ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಷ್, ಮೈಕೆಲ್ ಯಂಗ್ ಎಂಬ ಮೂವರಿಗೆ ಅದೇ 2017ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಪುರಸ್ಕಾರ ಸಂದಿತು.

ಇದನ್ನು ಓದಿದಾಗ ಮೂಡಿಗೆರೆಯ ಆ ರಾತ್ರಿಗಳು ಮತ್ತೆ ಕಣ್ಣ ಮುಂದೆ ಬಂದವು. ಕಾಡಿನ ನಡುವಿನ ಮನೆಯೇನೋ ಹೌದು. ಆದರೆ ಮಾಡಿನ ಅಂಚಿನಿಂದ ಗೇಟಿನವರೆಗೂ ಬಣ್ಣದ ದೀಪಗಳ ಸರ, ಕೋಣೆಯಲ್ಲಿ ಗೋಡೆಯಗಲದ ಟಿ.ವಿ., ಎಲ್ಲರ ಕೈಯಲ್ಲಿಯೂ ಮೊಬೈಲು. ಮಲೆನಾಡಿನ ಕತ್ತಲೆ ಅಂಗಳದವರೆಗೆ ಬಂದು ಅಲ್ಲಿಯೇ ನಿಂತಿತ್ತು. ನಾವು ಹಣ ಕೊಟ್ಟು ಹೋದುದು ಯಾವುದಕ್ಕಾಗಿಯೋ ಅದನ್ನೇ ಬಾಗಿಲ ಹೊರಗೆ ನಿಲ್ಲಿಸಿದ್ದೆವೆಂದು ಈಗ ಅನ್ನಿಸುತ್ತದೆ.

ಹಸಿರನ್ನು ನೋಡುವುದರಿಂದಲೇ ಪ್ರಯೋಜನವಿಲ್ಲವೇ ಎಂದು ಕೇಳಬಹುದು. ಇದೆ. ರಾಜರ್ ಉಲ್ರಿಚ್ ಎಂಬುವರು 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳನ್ನು ಹೋಲಿಸಿದ್ದರು. ಕಿಟಕಿಯಿಂದ ಮರಗಳು ಕಾಣುವ ಕೋಣೆಯಲ್ಲಿದ್ದವರು ಇಟ್ಟಿಗೆಯ ಗೋಡೆ ಕಾಣುವ ಕೋಣೆಯಲ್ಲಿದ್ದವರಿಗಿಂತ ಸ್ವಲ್ಪ ಬೇಗ ಮನೆಗೆ ಹೋದರು. ಅವರಿಗೆ ಬೇಕಾದ ಪ್ರಬಲ ನೋವುನಿವಾರಕಗಳೂ ಕಡಿಮೆ. ಜಪಾನಿನಲ್ಲಿ 1982ರಿಂದಲೇ ಅರಣ್ಯ ಇಲಾಖೆಯವರು 'ಅರಣ್ಯಸ್ನಾನ' ಎಂಬ ಅರ್ಥದ ಹೆಸರನ್ನಿಟ್ಟು ಕಾಡಿನ ನಡಿಗೆಯನ್ನು ಪ್ರೋತ್ಸಾಹಿಸುತ್ತಿದ್ದಾರೆ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿಯನ್ನು ಪರಿಶೀಲಿಸಿ 2019ರಲ್ಲಿ ಹೊರಬಂದ ವರದಿಯೊಂದು, ವಾರಕ್ಕೆ ಎರಡು ಗಂಟೆಗಳಷ್ಟಾದರೂ ಉದ್ಯಾನ, ಕಾಡು, ಕಡಲತೀರಗಳಲ್ಲಿ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳುವ ಸಂಭವ ಹೆಚ್ಚು ಎನ್ನುತ್ತದೆ. ಆರೋಗ್ಯ ಚೆನ್ನಾಗಿರುವವರೇ ಹೊರಗೆ ಹೋಗುತ್ತಾರೆಂದೂ ವಾದಿಸಬಹುದಾದ್ದರಿಂದ ಇದನ್ನು ಔಷಧದ ಚೀಟಿಯಂತೆ ಹಿಡಿಯಬಾರದು. ಆದರೆ ಆ ವರದಿಯ ಒಂದು ಅಂಶ ನಮಗೆ ಬಹಳ ಹಿಡಿಸಿತು: ಆ ಎರಡು ಗಂಟೆಗಳನ್ನು ಒಂದೇ ಸಲ ಕಳೆದರೂ, ವಾರದುದ್ದಕ್ಕೂ ಹಂಚಿ ಕಳೆದರೂ ವ್ಯತ್ಯಾಸ ಕಾಣಲಿಲ್ಲವಂತೆ. ಹಸಿರಿನ ಕಣ್ದಣಿವಿಗೆ ನಮ್ಮೂರ ಕೆರೆಯ ಏರಿಯೂ ಸಾಕು. ಅದಕ್ಕಾಗಿಯೇ ಘಟ್ಟ ಹತ್ತಬೇಕೆಂದಿಲ್ಲ. ಕತ್ತಲೆ ಮತ್ತು ನಿಶ್ಶಬ್ದ ಇವೆರಡು ಮಾತ್ರ ನಗರದಲ್ಲಿ ಎಷ್ಟು ಹುಡುಕಿದರೂ ಸಿಗವು. ಎರಡು ರಾತ್ರಿ ಊರು ಬಿಡುವುದಾದರೆ ಅವುಗಳಿಗಾಗಿ ಬಿಡಬೇಕು.

ನಿಶ್ಶಬ್ದದ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. ನಾವಿದ್ದ ತೋಟದಲ್ಲಿ ಆಗ ಕಾಫಿ ಕುಯ್ಲಿನ ಕಾಲ. ಬೆಳಗ್ಗೆ ಎಂಟಕ್ಕೆ ಬುಟ್ಟಿ ಹಿಡಿದು ಗಿಡದ ಬುಡದಲ್ಲಿರಬೇಕಾದ ಹೆಂಗಸರು ಲೈನ್‌ಮನೆಗಳಲ್ಲಿ ಮಲಗಿದ್ದರು. ಆ ಲೈನ್‌ಮನೆಗಳು ನಮ್ಮ ಜಗಲಿಯಿಂದ ಕೂಗಳತೆಯ ದೂರ. ಅತಿಥಿಗಳ ಹಾಡು ಒಂದು ಗಂಟೆಗೆ ನಿಂತಿತೆಂದರೆ ಅವರ ನಿದ್ರೆ ಶುರುವಾದುದೂ ಆಗಲೇ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ನಗರದಲ್ಲಿ ಪಕ್ಕದ ಬೀದಿಯ ಸದ್ದಿಗೆ ಪೊಲೀಸರಿಗೆ ಕರೆ ಮಾಡುವ ನಾವು, ತೋಟದಲ್ಲಿ ಕೇಳುವವರಿಲ್ಲವೆಂದು ಭಾವಿಸುತ್ತೇವೆ. ಕೇಳುವವರು ಇರುತ್ತಾರೆ, ಹೇಳುವ ಸ್ಥಿತಿಯಲ್ಲಿರುವುದಿಲ್ಲ, ಅಷ್ಟೆ.

ಆ ಬೆಂಕಿಯ ಸುತ್ತ ಮದ್ಯವೂ ಇತ್ತೆಂದು ಬೇರೆ ಹೇಳಬೇಕಿಲ್ಲ. ಕುಡಿದರೆ ಒಳ್ಳೆಯ ನಿದ್ರೆ ಬರುತ್ತದೆಂಬ ನಂಬಿಕೆಯುಂಟು. ಮದ್ಯ ನಿದ್ರೆಯನ್ನು ಬೇಗ ತರಿಸುವುದು ನಿಜವಾದರೂ ರಾತ್ರಿಯ ಉತ್ತರಾರ್ಧದಲ್ಲಿ ಅದನ್ನು ಚೂರುಚೂರು ಮಾಡುತ್ತದೆ. ಹಾಗೆ ಮಲಗೆದ್ದವರು ಮರುದಿನ ಸ್ಟಿಯರಿಂಗ್ ಹಿಡಿದು ಘಟ್ಟ ಇಳಿಯುತ್ತಾರೆ.

ಮರುವರ್ಷ ನಾವು ಜಾಣರಾದೆವೆಂದುಕೊಂಡೆವು. ಅರಸೀಕೆರೆಯ ಕಡೆ ತೆಂಗಿನ ತೋಟದಲ್ಲಿ ನಮ್ಮ ಹಿರಿಯರು ಕಟ್ಟಿಸಿದ ಮನೆಯೊಂದಿದೆ. ನಾಲ್ಕು ಅಂಕಣದ ಹೆಂಚಿನ ಮನೆ. ವರ್ಷದಲ್ಲಿ ಹಬ್ಬಕ್ಕೊಂದು, ಕಾಯಿ ಕೆಡವಿಸುವಾಗೊಂದು ಸಲ ಬೀಗ ತೆಗೆಯುವುದು. ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು ಮೂರು ಗಂಟೆಯ ಹಾದಿ. ಸ್ವಂತ ಮನೆಗೆ ಬೀಗ ಜಡಿದು ಪರರ ತೋಟದಲ್ಲಿ ಬಾಡಿಗೆಗೆ ಇರುವುದೆಂತಹ ಮರುಳು ಎಂದು, ಶನಿವಾರ ಬೆಳಗ್ಗೆ ನಿದ್ದೆ ಮುಗಿಸಿಯೇ ರೈಲು ಹತ್ತಿದೆವು. ಓದುಗರಲ್ಲಿ ಅನೇಕರಿಗೆ ತಿಪಟೂರು, ಕಡೂರು, ಹೊಸದುರ್ಗ, ಚನ್ನಗಿರಿಗಳ ಸೀಮೆಯಲ್ಲಿ ಇಂತಹ ಒಂದು ಮನೆ ಇದ್ದೇ ಇರುತ್ತದೆ. ಆದ್ದರಿಂದ ಮುಂದಾದುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಲೇಸು.

ಮನೆಯ ಬೀಗ ತೆಗೆದ ಸುದ್ದಿ ಅರ್ಧ ಗಂಟೆಯಲ್ಲಿ ಊರಿಗೆಲ್ಲ ಹಬ್ಬಿತು. ದಾಯಾದಿಗಳು ಬಂದರು, ತೋಟ ನೋಡಿಕೊಳ್ಳುವವರು ಬಂದರು, ನಮ್ಮ ತಾಯಿಯವರ ಬಾಲ್ಯದ ಗೆಳತಿಯರು ಬಂದರು. ಬಂದವರಿಗೆಲ್ಲ ಕಾಫಿ, ಅವಲಕ್ಕಿ, ಹೊತ್ತಿಗೆ ಸರಿಯಾಗಿ ಬಂದವರಿಗೆ ಊಟ. ನಾವು ಜಗಲಿಯ ಮೇಲೆ ಚಾಪೆ ಹಾಸಿ, ತೆಂಗಿನ ಗರಿಗಳ ಗಾಳಿಗೆ ಮೈಯೊಡ್ಡಿ, ಮಧ್ಯಾಹ್ನ ಎರಡು ಗಂಟೆ ಸೊಗಸಾಗಿ ನಿದ್ರಿಸಿದೆವು. ಭಾನುವಾರ ಹಿಂದಿರುಗುವ ರೈಲಿನಲ್ಲಿ, ಎಷ್ಟು ಹಾಯಾಗಿತ್ತಲ್ಲವೇ ಎಂದು ಮನೆಯವರನ್ನು ಕೇಳಿದೆವು. ಅವರು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು: "ನಿಮಗೇನೋ ವಿಶ್ರಾಂತಿಯಾಯಿತು ರೀ. ನನಗೆ ಒಲೆ ಮಾತ್ರ ಬದಲಾಯಿತು."

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಾಡಿಗೆಯ ತೋಟದ ಮನೆಗಳನ್ನು ಟೀಕಿಸುವುದು ಸುಲಭ. ಹಳ್ಳಿಯ ಮನೆಗೆ ಹೋಗಿ ಎಂದು ಉಪದೇಶಿಸುವುದು ಇನ್ನೂ ಸುಲಭ. ಆದರೆ ಮನೆಯಾಕೆಯ ಪಾಲಿಗೆ ಯಾರೋ ಬೇಯಿಸಿ ಬಡಿಸಿದ ಎರಡು ಹೊತ್ತಿನ ಊಟವೇ ಎಷ್ಟು ದೊಡ್ಡ ವಿಶ್ರಾಂತಿಯೆಂಬುದನ್ನು ಹೀಗೆ ಉಪದೇಶಿಸುವ ಗಂಡಸರು (ನಮ್ಮನ್ನೂ ಸೇರಿಸಿ) ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮೂಡಿಗೆರೆಯ ಪ್ರವಾಸದಲ್ಲಿ ದೇಹ ದಣಿದಿದ್ದರೂ ಆಕೆ ಒಂದು ದಿನವೂ ಪಾತ್ರೆ ಮುಟ್ಟಿರಲಿಲ್ಲ. ಆ ಕಾರಣಕ್ಕೇ ಆಕೆಗೆ ಆ ಪ್ರವಾಸ ಇದಕ್ಕಿಂತ ಮೇಲೆಂದು ಕಂಡಿತ್ತು. ವಿಶ್ರಾಂತಿಯ ಬಗ್ಗೆ ಆರೋಗ್ಯದ ಪುಟಗಳಲ್ಲಿ ಬರೆಯುವಾಗ ಯಾರ ವಿಶ್ರಾಂತಿ ಎಂಬುದನ್ನು ಮೊದಲು ಕೇಳಬೇಕೆಂಬುದು ಅಂದಿನಿಂದ ನಮ್ಮ ಅಭಿಪ್ರಾಯ.

ಮೂರನೆಯ ಸಲ ಅದೇ ಮನೆಗೆ ಹೋದೆವು, ಬೇರೆ ಕರಾರಿನ ಮೇಲೆ. ತೋಟ ನೋಡಿಕೊಳ್ಳುವವರ ಮನೆಯಲ್ಲಿ, ಮೊದಲೇ ಹಣ ಕೊಟ್ಟು, ಎರಡು ಹೊತ್ತಿನ ಊಟಕ್ಕೆ ಹೇಳಿದೆವು: ಮುದ್ದೆ, ಹುರುಳಿಕಾಳಿನ ಸಾರು, ಅನ್ನ, ಮಜ್ಜಿಗೆ. ಬೆಳಗಿನ ಉಪ್ಪಿಟ್ಟು ನಮ್ಮ ಪಾಲಿನ ಕೆಲಸವಾಯಿತು. ಮೊದಲ ದಿನದ್ದು ಗಂಟುಗಂಟಾಗಿತ್ತು, ಯಾರೂ ದೂರಲಿಲ್ಲ. ನೆಂಟರನ್ನು ಭಾನುವಾರ ಬೆಳಗ್ಗೆ ನಾವೇ ಹೋಗಿ ಕಂಡು ಬಂದೆವು. ಮೊಬೈಲುಗಳನ್ನೆಲ್ಲ ಸಂಜೆ ಆರಕ್ಕೆ ಗೂಡಿನಲ್ಲಿಟ್ಟಾಗ ದೊಡ್ಡವಳು ಮುಖ ಊದಿಸಿಕೊಂಡು ಕುಳಿತಳು. ಏಳೂವರೆಗೆ ಕರೆಂಟು ಹೋಯಿತು. ಹಳ್ಳಿಯ ಈ ಅನನುಕೂಲವನ್ನು ಅಂದು ಮೊದಲ ಬಾರಿಗೆ ನಾವು ಬಯ್ಯಲಿಲ್ಲ. ಅಂಗಳಕ್ಕೆ ಬಂದರೆ ತೆಂಗಿನ ಮರಗಳ ನಡುವೆ ತುಂಬಿನಿಂತ ನಕ್ಷತ್ರಗಳು. ತಾಯಿಯವರು ಒಂದೊಂದನ್ನೂ ಹಳೆಯ ಹೆಸರುಗಳಿಂದ ತೋರಿಸತೊಡಗಿದರು. ಒಂಬತ್ತು ಗಂಟೆಗೆ ಮಕ್ಕಳು ಅವರ ಪಕ್ಕದಲ್ಲಿಯೇ ನಿದ್ರೆ ಹೋಗಿದ್ದರು. ದೊಡ್ಡವಳ ಮುನಿಸು ಯಾವಾಗ ಇಳಿಯಿತೋ ತಿಳಿಯದು. ಬೆಳಗ್ಗೆ ನವಿಲುಗಳ ಕೂಗಿಗೆ ಎಚ್ಚರವಾದಾಗ ಐದೂವರೆ. ಯಾರೂ ಯಾರನ್ನೂ ಎಬ್ಬಿಸಬೇಕಾಗಲಿಲ್ಲ.

ತೋಟದ ಮನೆಯೆಂದರೆ ಸ್ವರ್ಗವೇನಲ್ಲ. ಬಹುಕಾಲ ಮುಚ್ಚಿದ್ದ ಮನೆಯಲ್ಲಿ ಚೇಳು ಸೇರಿರುತ್ತದೆ. ತೆಂಗಿನ ಮಟ್ಟೆಯ ರಾಶಿ, ಸೌದೆಯ ಒಟ್ಟಿಲುಗಳು ಹಾವುಗಳಿಗೆ ಪ್ರಿಯವಾದ ತಾಣಗಳು. ನಮ್ಮ ಬಯಲುಸೀಮೆಯ ಕೊಳಕುಮಂಡಲ ಬಹಳ ಅಪಾಯಕಾರಿ. ಕತ್ತಲೆಯನ್ನು ಹೊಗಳಿದ ನಾವೇ ಹೇಳುತ್ತೇವೆ, ಅಂಗಳಕ್ಕಿಳಿಯುವಾಗ ಕಾಲಿಗೆ ಚಪ್ಪಲಿಗಿಂತ ಮುಚ್ಚಿದ ಬೂಟು, ಕೈಯಲ್ಲಿ ಬ್ಯಾಟರಿ ಇರಲೇಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಹಗ್ಗ ಬಿಗಿಯುವುದು, ನಾಟಿ ಔಷಧಕ್ಕೆಂದು ಅಲೆಯುವುದು ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆಯೆಂದರೆ ಅದರ ಗಾಂಭೀರ್ಯ ಅರ್ಥವಾದೀತು.

ಮಲೆನಾಡಿಗೆ ಹೋಗುವವರು ಇನ್ನೊಂದನ್ನು ಅರಿತಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಡಿಸೆಂಬರಿನಿಂದ ಬೇಸಿಗೆಯ ಕೊನೆಯವರೆಗೆ ಅದರ ಕಾಲ. ಪ್ರವಾಸಕ್ಕೆ ಹಿತವೆನ್ನಿಸುವ ತಿಂಗಳುಗಳೂ ಅವೇ. ಮಂಗಗಳು ಸತ್ತುಬಿದ್ದ ಸುದ್ದಿ ಇರುವ ಕಡೆ ಕಾಡಿನೊಳಗೆ ಹೋಗಬಾರದು. ತರಗೆಲೆಯ ಮೇಲೆ ಕುಳಿತು ಛಾಯಾಚಿತ್ರ ತೆಗೆಸಿಕೊಳ್ಳುವ ಚಪಲವನ್ನು ಬಿಡಬೇಕು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಲು ಹಾಕಬೇಕು. ಹಿಂದಿರುಗಿದ ಮೇಲೆ ವಾರದೊಳಗೆ ಜ್ವರ, ತಲೆನೋವು, ಮೈಕೈನೋವು ಕಾಣಿಸಿಕೊಂಡರೆ ಎಲ್ಲಿಗೆ ಹೋಗಿದ್ದಿರೆಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಮಳೆಗಾಲದ ಇಂಬಳಗಳು ಇದರ ಮುಂದೆ ನಿರುಪದ್ರವಿಗಳು. ರಕ್ತ ಕೊಂಚ ಹೊತ್ತು ಸೋರುವುದರಿಂದ ಮಕ್ಕಳು ಹೆದರುತ್ತಾರೆ, ಅಷ್ಟೆ.

ಸ್ವಂತ ತೋಟವಿಲ್ಲದವರು ಬಾಡಿಗೆಯ ಮನೆಗೆ ಹೋಗುವುದರಲ್ಲಿ ಯಾವ ದೋಷವೂ ಇಲ್ಲ. ಮೂರು ಗಂಟೆಗಿಂತ ದೂರದ ಊರು ಎರಡು ದಿನಕ್ಕೆ ಬೇಡವೆಂಬುದು ನಮ್ಮ ಅನುಭವ. ಮನೆ ಗೊತ್ತುಮಾಡುವಾಗ ಈಜುಕೊಳವಿದೆಯೇ ಎಂದು ಕೇಳುವ ಮೊದಲು, ರಾತ್ರಿ ಹತ್ತರ ಮೇಲೆ ಸದ್ದಿಗೆ ಅವಕಾಶವಿದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ. ಇಲ್ಲಿ ಎಲ್ಲಕ್ಕೂ ಅವಕಾಶವುಂಟು ಎಂದು ಹೆಮ್ಮೆಯಿಂದ ಹೇಳುವ ಮನೆಗೆ ಹೋಗದಿರುವುದೇ ವಾಸಿ. ನೋಡಬೇಕಾದ ಸ್ಥಳಗಳ ಪಟ್ಟಿಯನ್ನು ಹೊರಡುವ ಮುನ್ನವೇ ಹರಿದುಹಾಕಿದರೆ ಉತ್ತಮ. ಮುಳ್ಳಯ್ಯನಗಿರಿ ಎಲ್ಲಿಗೂ ಓಡಿಹೋಗುವುದಿಲ್ಲ. ಹಿರಿಯರ ಮಾತ್ರೆಗಳು ಡಿಕ್ಕಿಯಲ್ಲಿರದೆ ಅವರ ಕೈಚೀಲದಲ್ಲಿಯೇ ಇರಲಿ, ಒಂದು ದಿನಕ್ಕೆ ಹೆಚ್ಚಾಗಿಯೇ ಇರಲಿ.

ಮುಂದಿನ ತಿಂಗಳು ಅರಸೀಕೆರೆಗೆ ಮತ್ತೆ ಹೋಗಬೇಕೆಂದಿದ್ದೇವೆ. ದಿನಾಂಕ ಗೊತ್ತಾದೊಡನೆ ತಾಯಿಯವರು ಮಾತ್ರೆಯ ಡಬ್ಬಿಯನ್ನು ತಮ್ಮ ಕೈಚೀಲಕ್ಕೆ ಸೇರಿಸಿದರು. ಮನೆಯವರು ಊಟಕ್ಕೆ ತಾವೇ ಫೋನು ಮಾಡಿ ಹೇಳಿ, ಉಪ್ಪಿಟ್ಟಿನ ರವೆಯನ್ನು ಈ ಸಲ ಹುರಿದೇ ತೆಗೆದುಕೊಂಡು ಹೋಗೋಣವೆಂದರು. ಭಾನುವಾರವೇ ಹೊರಟುಬಿಟ್ಟರೆ ಒಂದು ರಾತ್ರಿ ಮಾತ್ರ ಸಿಗುವುದೆಂದು ತಾಯಿಯವರ ತಕರಾರು. "ಸೋಮವಾರ ಒಂದು ದಿನ ರಜೆ ಹಾಕಪ್ಪ, ಕಚೇರಿ ಎಲ್ಲಿಗೂ ಹೋಗಲ್ಲ" ಎಂದರು. ಅರ್ಜಿ ಕೊಟ್ಟಿದ್ದೇವೆ.